ನಾಲ್ಕು ಇಟ್ಟಿಗೆ ಒಡೆದ ಮೇಸ್ತ್ರಿ

"ಮೇಸ್ತ್ರಿ, ಲೋಡಿನಲ್ಲಿ ಕೆಲವು ಇಟ್ಟಿಗೆ ಒಡೆದು ನೋಡಿದ್ವಿ. ಕೆಟ್ಟದು ಅನ್ನೋಕೆ ಏನೂ ಸಿಕ್ಕಲಿಲ್ಲ. ಅಂದ್ಮೇಲೆ ಮಾಲು ಒಳ್ಳೇದು ಅಂತ ತಾನೆ?" ಅಂತ ನನ್ನ ಶಿಷ್ಯ ಬೈಯಣ್ಣ ಕೇಳಿದ.

ಕೇಳಬೇಕಾದವನನ್ನೇ ಕೇಳಿದೆ ಕಣೋ, ಅಂದೆ. ನಾನು ಕಟ್ಟಿದ ಗೋಡೆಗೆ ಎತ್ತು ಮೈ ಉಜ್ಜಿದ್ರೆ ನೋವಾಗೋದು ಎತ್ತಿಗೆ. ಓದು ನನಗೆ ಹತ್ತಲಿಲ್ಲ, ಇಟ್ಟಿಗೆ ಹತ್ತಿತು. ಕೂತ್ಕೋ, ಹೇಳ್ತೀನಿ.

ಒಂದೂರಲ್ಲಿ ಒಬ್ಬ ಮೇಸ್ತ್ರಿ ಇದ್ದ. ಅವನಿಗೊಬ್ಬ ತಮ್ಮ. ಅಣ್ಣ ಮೇಲೆ ನಿಂತು ಗೋಡೆ ನೆಟ್ಟಗಿದೆಯಾ ಅಂತ ತೂಗುಗುಂಡು ಹಿಡಿಯೋನು, ತಮ್ಮ ಒಳಗಿಳಿದು ಕಟ್ಟೋನು. ಬಾವಿಗೆ ಒಳಗೋಡೆ ಕಟ್ಟೋದೇ ಅವರ ಕಸುಬು.

ಆ ಸೀಮೆಯಲ್ಲಿ ಇಟ್ಟಿಗೆ ಇಳಿಸಿಕೊಳ್ಳೋಕೆ ಮುಂಚೆ ಒಂದು ಪದ್ಧತಿ ಇತ್ತು. ಇಟ್ಟಿಗೇನ ಎರಡು ಗುಂಡುಕಲ್ಲಿನ ಮೇಲೆ ಅಡ್ಡ ಇಡೋದು. ನಡುವಿಗೆ ಹಗ್ಗ ಸುತ್ತಿ ಬುಟ್ಟಿ ಇಳಿಬಿಡೋದು. ಬುಟ್ಟಿಗೆ ಒಂದೇ ತೂಕದ ಕಲ್ಲು ಒಂದೊಂದಾಗಿ ಹಾಕ್ತಾ ಹೋಗೋದು, ಇಟ್ಟಿಗೆ ಮುರಿಯೋವರೆಗೂ. ಹಿಂಗೆ ಒಂದಷ್ಟು ಮುರಿದು, ಸರಾಸರಿ ಒಂಬತ್ತು ಕಲ್ಲು ತಡೆದ್ರೆ ಮಾಲು ಸರಿ.

ಅದಕ್ಕೊಂದು ಕಟ್ಟುಪಾಡೂ ಇತ್ತು. ಇಟ್ಟಿಗೆ ಸುಡೋ ಗೂಡಿನವನು ಒಂಬತ್ತು ತಡೆಯುತ್ತೆ ಅಂದ್ರೆ ಅವನ ಮಾತು ನಿಜ ಅಂತಲೇ ಇಟ್ಟುಕೊಂಡು ಶುರು ಮಾಡಬೇಕು. ಅವನ ಮಾತು ನಿಜ ಆಗಿದ್ರೆ ಇಟ್ಟಿಗೆ ಹಿಂಗೆ ಮುರಿಯೋ ಮಾತೇ ಇಲ್ಲ ಅನ್ನೋ ಹಾಗೆ ಮುರಿದ್ರೆ ಮಾತ್ರ ಗಾಡಿ ವಾಪಸ್. ಎಲ್ಲೋ ಒಂದು ಇಟ್ಟಿಗೆ ಕೈ ಕೊಡ್ತು ಅಂತ ಒಬ್ಬನ ಹೆಸರು ಕೆಡಿಸಬಾರದಲ್ಲ. ಕಟ್ಟುಪಾಡು ಕೆಟ್ಟದ್ದಲ್ಲ.

ಆ ಸಲ ಗಾಡಿ ತಂದಿದ್ದ ಗೂಡಿನವನು ಈ ಅಣ್ಣತಮ್ಮಂದಿರಿಗೆ ಭಾವ ಆಗಬೇಕು. ಅಕ್ಕನ ಗಂಡ. ಅವನ ಎದುರಿಗೇ ನಾಲ್ಕು ಇಟ್ಟಿಗೆ ಮುರಿದ್ರು. ಒಂದು ಹತ್ತು ತಡೀತು. ಒಂದು ಏಳು. ಆಮೇಲೆ ಎಂಟು, ಆಮೇಲೆ ಒಂಬತ್ತು. ಸರಾಸರಿ ಅರ್ಧ ಕಲ್ಲು ಕಮ್ಮಿ ಬಂತು.

ಅಣ್ಣ ಯೋಚನೆ ಮಾಡಿದ. ನಾಲ್ಕೇ ನಾಲ್ಕರಲ್ಲಿ ಅರ್ಧ ಕಲ್ಲು ಅತ್ತಿತ್ತ ಆಗೋದು ಇದ್ದದ್ದೇ. ಭಾವನ ಮಾತು ಸುಳ್ಳು ಅನ್ನೋಕೆ ಇದು ಸಾಲದು ಅಂದುಕೊಂಡ. ಲೆಕ್ಕ ಸರಿಯಾಗೇ ಇತ್ತು.

ತಮ್ಮ ಅಂದ, "ಅಣ್ಣ, ಸುಳ್ಳು ಅನ್ನೋಕೆ ಸಾಲದು, ಸರಿ. ನಿಜ ಅನ್ನೋಕೂ ಸಾಲದು. ಇನ್ನೊಂದಷ್ಟು ಮುರಿಯೋಣ."

ಭಾವ ನಕ್ಕ. "ಏನ್ ಬಾಮೈದ, ಬಾವಿ ಕಟ್ಟೋಕೆ ಬಂದಿದ್ದೀಯೋ, ಇಟ್ಟಿಗೆ ಪುಡಿ ಮಾಡಿ ಪಾತ್ರೆ ಉಜ್ಜೋಕೆ ಬಂದಿದ್ದೀಯೋ? ನಿಮ್ಮಕ್ಕ ಬಡಿಸೋ ಅನ್ನಾನೂ ಹಿಂಗೇ ಹಿಸುಕಿ ನೋಡ್ತೀಯಾ?"

ಕೂಲಿಯವರೆಲ್ಲ ನಕ್ಕರು. ಅಣ್ಣನಿಗೆ ಮುಜುಗರ ಆಯ್ತು. ಅಕ್ಕನ ಮನೆ ಇಟ್ಟಿಗೆ. "ಸಾಕು ಬಿಡೋ, ಒಳ್ಳೇ ಮಾಲು. ಇಳಿಸಿ" ಅಂದ.

ತಮ್ಮ ಬುಟ್ಟಿ ಬಿಚ್ಚಿಟ್ಟು ಇಳಿಸೋಕೆ ಹೋದ. ಅಣ್ಣ ಹೇಳಿದ ಮೇಲೆ ಮುಗೀತು.

ಆ ಗೂಡಿಗೆ ಹಾಕಿದ ಸೌದೆ ಹಸಿ ಇತ್ತು. ಇಟ್ಟಿಗೆ ಬೆಂದಿರಲಿಲ್ಲ. ಭಾವನಿಗೂ ಅದು ಗೊತ್ತಿರಲಿಲ್ಲ, ಅವನೇನು ಮೋಸಗಾರ ಅಲ್ಲ. ಗೋಡೆ ತಳದಿಂದ ಏರ್ತಾ ಬಂತು. ಮಳೆ ಹಿಡೀತು. ಗೋಡೆ ಹಿಂದಿನ ಮಣ್ಣು ನೆಂದು ಗೋಡೇನ ಒತ್ತಿತು. ತಳದಲ್ಲಿ ಕೆಸರು ತುಂಬಿದೆ ಅಂತ ತಮ್ಮ ಬಾಚೋಕೆ ಇಳಿದಿದ್ದ. ಕೆಳಗಿನ ಸಾಲು ಹಿಟ್ಟಾಯ್ತು, ಮೇಲಿನದೆಲ್ಲ ಅವನ ಮೇಲೆ ಬಂತು. ಅಣ್ಣ ಹಗ್ಗ ಎಳೆದ. ಹಗ್ಗ ಬರೀದೇ ಬಂತು.

ಮಣ್ಣು ಮಾಡಿ ಬಂದ ಮೇಲೆ ಅಣ್ಣ ಭಾವನ ಕೊರಳಪಟ್ಟಿ ಹಿಡಿದ. ಭಾವ ಬಿಡಿಸಿಕೊಳ್ಳಲಿಲ್ಲ. ಅಳ್ತಾ ಅಂದ, "ಮುರಿದು ನೋಡಿದೋನು ನೀನು. ಕೆಟ್ಟದು ಅಂತ ಒಂದು ಮಾತು ಅಂದಿದ್ರೆ ನಾನು ಗಾಡಿ ತಿರುಗಿಸಿಕೊಂಡು ಹೋಗ್ತಿರಲಿಲ್ವಾ?"

ಅಣ್ಣ ಕೈ ಬಿಟ್ಟ. ಬಾವಿ ಹತ್ರ ಹೋದ. ಕಟ್ಟಿ ಮಿಕ್ಕಿದ್ದ ಇಟ್ಟಿಗೆ ಅಲ್ಲೇ ಬಿದ್ದಿತ್ತು. ಗುಂಡುಕಲ್ಲು ಜೋಡಿಸಿ, ಬುಟ್ಟಿ ಕಟ್ಟಿ, ಒಂದೊಂದೇ ಮುರಿಯೋಕೆ ಕೂತ. ಆರು ತಡೀತು. ಏಳು ತಡೀತು. ಮತ್ತೆ ಆರು. ಐದು. ಎಲ್ಲೋ ಒಂದು ಒಂಬತ್ತು. ಮುರೀತಾ ಮುರೀತಾ ರಾಶಿ ಕರಗಿತು. ಭಾವನ ಮಾತು ನಿಜ ಆಗಿರೋಕೆ ಸಾಧ್ಯವೇ ಇಲ್ಲ ಅಂತ ಈಗ ಕುರುಡನಿಗೂ ಕಾಣೋ ಹಾಗೆ ಆಯ್ತು. ಅವನು ನಿಲ್ಲಿಸಲಿಲ್ಲ.

ಅಕ್ಕ ಬಂದು ಕೈಲಿದ್ದ ಕಲ್ಲು ತಗೊಂಡಳು. "ಸಾಕಪ್ಪ. ಇನ್ನು ಯಾರಿಗೆ ತೋರಿಸಬೇಕು?" ಅಂದಳು.

ಇಷ್ಟೇ ಕತೆ, ಅಂದೆ.

ಬೈಯಣ್ಣ ತಲೆ ಕೆರಕೊಂಡ. "ಆದ್ರೂ ಮೇಸ್ತ್ರಿ, ಅವನದೇನು ತಪ್ಪು? ನಾಲ್ಕರಲ್ಲಿ ಗೊತ್ತಾಗಲಿಲ್ಲ, ಅಷ್ಟೇ ಅಲ್ವಾ?"

"ಗೊತ್ತಾಗಲಿಲ್ಲ ಅನ್ನಬೇಕಾದ ಬಾಯಲ್ಲಿ ಒಳ್ಳೇದು ಅಂದ ಕಣೋ; ತಮ್ಮ ಇಳಿದಿದ್ದು ಆ ಮಾತು ನಂಬಿಕೊಂಡು."

ಬೈಯಣ್ಣ ಎದ್ದು ಲೋಡಿನ ಕಡೆ ಹೋದ, ಇನ್ನೊಂದಷ್ಟು ಇಟ್ಟಿಗೆ ಒಡೆಯೋಕೆ.