ಚಂದ್ರಿಕೆ ಬೀದಿಯ ಬಾಡಿಗೆ ಮನೆ

ಒಂದು ಸೀಮೆಯಲ್ಲಿ ಒಂದು ಊರಿತ್ತು, ಕೇಳಿ ಮಕ್ಕಳೇ. ಊರ ಸುತ್ತ ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳು. ಹುಳು ಹಣ್ಣಾದಾಗ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಟ್ಟು, ಚಂದ್ರಿಕೆಯನ್ನು ಬೀದಿಯ ನೆರಳಿಗೆ ಒರಗಿಸುತ್ತಿದ್ದರು. ಹುಳು ತಲೆ ತೂಗುತ್ತ, ಅರೆನಿದ್ದೆಯಲ್ಲೇ ಮೈಗೆ ಎಳೆ ಸುತ್ತಿಕೊಳ್ಳುತ್ತಿತ್ತು. ಆಗ ಬೀದಿಯೂ ಅರೆನಿದ್ದೆಗೆ ಜಾರುತ್ತಿತ್ತು. ಒನಕೆ ನಿಲ್ಲುತ್ತಿತ್ತು. ಎತ್ತಿನ ಗಂಟೆಗೆ ಬಟ್ಟೆ ಸುತ್ತುತ್ತಿದ್ದರು. ಜಗಳವಾಡುವವರು ಪಿಸುಮಾತಿನಲ್ಲೇ ಬೈದುಕೊಳ್ಳುತ್ತಿದ್ದರು. ಗೂಡು ಕಟ್ಟಿ ಮುಗಿಯುವ ತನಕ ಊರಲ್ಲಿ ಗದ್ದಲ ಕೂಡದು. ಅದು ಅರಸನ ಕಟ್ಟಳೆ.

ಆ ಬೀದಿಯಲ್ಲಿ ಚಿಕ್ಕತಾಯಮ್ಮ ಒಂಟಿಯಾಗಿ ಹುಳು ಸಾಕಿಕೊಂಡಿದ್ದಳು. ಪಕ್ಕದ ಮನೆ ಮುದ್ದಪ್ಪನದು. ಅವನ ವಾಸ ಕೆರೆಯ ಆಚೆ. ಈ ಮನೆಯನ್ನು ರೇಷ್ಮೆ ಕೊಳ್ಳಲು, ಊರು ನೋಡಲು ಬರುವವರಿಗೆ ಎರಡು ದಿನ, ನಾಲ್ಕು ದಿನ ಅಂತ ಬಾಡಿಗೆಗೆ ಬಿಡುತ್ತಿದ್ದ.

ಮೊದಲ ಬೆಳೆಯ ಹೊತ್ತಿಗೆ ಡೊಳ್ಳಿನ ಮೇಳದವರು ಬಂದಿಳಿದರು. ಡೊಳ್ಳು ಗುಡುಗಿತು. ಚಂದ್ರಿಕೆಯ ಮೇಲಿನ ಹುಳುವೊಂದು ನಿದ್ದೆಗಣ್ಣಲ್ಲೇ ಅಂದಿತು, “ಅವ್ವಾ, ಎಳೆ ಕಡೀತು.” ಗೂಡುಗಳು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಬಂದವು.

ಚಿಕ್ಕತಾಯಮ್ಮ ಕೆರೆ ದಾಟಿ ಹೋದಳು. “ಮುದ್ದಪ್ಪಣ್ಣ, ನಿನ್ನ ಮನೆಗೆ ಬಂದವರಿಗೆ ಕಟ್ಟಳೆ ಹೇಳಬಾರದಾ?”

“ಕಟ್ಟಳೆ ಊರಿನವರಿಗೆ, ತಾಯಮ್ಮ. ಅವರು ಬಂದು ಹೋಗೋರು. ನಾನಂತೂ ಡೊಳ್ಳು ಬಾರಿಸಲಿಲ್ಲ.”

ಎರಡನೆಯ ಬೆಳೆಗೆ ಮದುವೆ ದಿಬ್ಬಣ ಬಂತು, ಜೊತೆಗೆ ವಾಲಗ. “ಅವ್ವಾ, ಏನು ಮಾಡ್ತಿದ್ದೆ ಅನ್ನೋದೇ ಮರೆತುಹೋಯ್ತು,” ಅಂದಿತು ಹುಳು. ಹುಳುಗಳು ಅರ್ಧಕ್ಕರ್ಧ ಉದುರಿಬಿದ್ದವು.

ಮತ್ತೆ ಹೋದಳು. ಮುದ್ದಪ್ಪ ನಕ್ಕ. “ಹುಳಕ್ಕೆ ಕಿವಿ ಎಲ್ಲಿದೆಯಮ್ಮ? ತೋರಿಸು, ಹತ್ತಿ ಇಟ್ಟು ಕಳಿಸ್ತೀನಿ.”

ಮೂರನೆಯ ಬೆಳೆ ಹಣ್ಣಾಯಿತು. ಇದೂ ಹೋದರೆ ಚಂದ್ರಿಕೆಯನ್ನು ಒಲೆಗಿಟ್ಟು, ಕಂಡವರ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗಬೇಕಿತ್ತು. ಅದೇ ಡೊಳ್ಳಿನವರು ಮತ್ತೆ ಬರುತ್ತಾರೆಂದು ಸುದ್ದಿ. ಯೋಚಿಸುತ್ತ ಗೋಡೆಗೊರಗಿದವಳಿಗೆ ಜೊಂಪು ಹತ್ತಿತು. ಜೊಂಪಿನಲ್ಲಿ ಹುಳು ಹೇಳಿತು, “ಅವ್ವಾ, ಸದ್ದು ಕಾಲುವೆ ನೀರಿದ್ದ ಹಾಗೆ. ಕಟ್ಟೋಕೆ ಹೋಗಬೇಡ. ಒಡೆಯನ ಮನೆ ಕಡೆ ತಿರುಗಿಸು.”

ಎದ್ದವಳೇ ಕೆರೆ ದಾಟಿದಳು. ಮುದ್ದಪ್ಪನ ವಾಸದ ಮನೆಗೆ ಅಂಟಿಕೊಂಡೇ ಅವನದಿನ್ನೊಂದು ಮನೆ ಖಾಲಿ ಬಿದ್ದಿತ್ತು. “ನಮ್ಮ ಕಡೆಯೋರು ಬರ್ತಾರಣ್ಣ. ಆ ಮನೆ ಬಾಡಿಗೆಗೆ ಕೊಡು.” ಯಾರು, ಏಕೆ ಎಂದು ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಬೀಗದ ಕೈ ಕೊಟ್ಟ.

ಅವಳು ಊರಬಾಗಿಲಲ್ಲೇ ಮೇಳವನ್ನು ಎದುರುಗೊಂಡಳು. “ಕೆರೆಯಾಚೆ ಅಂಗಳ ದೊಡ್ಡದಿದೆ, ಊಟ ನಂದು. ನಾಚಿಕೋಬೇಡಿ, ಕೈ ಬಿಚ್ಚಿ ಬಾರಿಸಿ.”

ಡೊಳ್ಳಿನ ಸದ್ದು ಕೆರೆಯ ಅಗಲ ದಾಟಿ ಬೀದಿಗೆ ಬರುವಷ್ಟರಲ್ಲಿ ಜೋಗುಳದಷ್ಟು ಮೆತ್ತಗಾಗುತ್ತಿತ್ತು. ಹುಳುಗಳು ತಲೆ ತೂಗಿದವು, ಎಳೆ ಸುತ್ತಿದವು. ಮುದ್ದಪ್ಪನ ಮನೆಯಲ್ಲಿ ಮಾತ್ರ ನೆಲುವಿನ ಗಡಿಗೆ ಕುಣಿಯಿತು, ಮಧ್ಯಾಹ್ನದ ನಿದ್ದೆ ಹಾರಿತು. ಒಂದು ದಿನ ತಡೆದ. ಎರಡು ದಿನ ತಡೆದ. ಮೂರನೆಯ ದಿನ ಚಿಕ್ಕತಾಯಮ್ಮನನ್ನು ಅರಸನ ಮುಂದೆ ನಿಲ್ಲಿಸಿದ.

“ಚಂದ್ರಿಕೆ ಹೊರಗಿರೋ ದಿನ ಡೊಳ್ಳು, ಬುದ್ಧಿ! ಕಟ್ಟಳೆ ಮುರಿದವ್ರೆ.”

“ಶಿಕ್ಷೆ ಯಾರಿಗೆ? ಬಾರಿಸಿದವರಿಗಾ?” ಕೇಳಿದ ಅರಸ.

ಮುದ್ದಪ್ಪ ಚಿಕ್ಕತಾಯಮ್ಮನತ್ತ ವಾರೆಗಣ್ಣಿನ ನೋಟ ಬೀರಿದ. “ಅವರು ಬಂದು ಹೋಗೋರು ಬುದ್ಧಿ, ನಾಳೆ ಎಲ್ಲಿ ಅಂತ ಹುಡುಕ್ತೀರಿ? ಜಾಗ ಕೊಟ್ಟವರನ್ನ ಹಿಡೀಬೇಕು.”

“ಒಪ್ಪಿದೆ. ಜಾಗ ಯಾರದು?”

ಮುದ್ದಪ್ಪ ಸೊಂಟದ ಬೀಗದ ಕೈಗಳ ಮೇಲೆ ಪಂಚೆ ಎಳೆದುಕೊಂಡ.

“ನಮ್ಮ ಮುದ್ದಪ್ಪಣ್ಣಂದೇ, ಬುದ್ಧಿ,” ಅಂದಳು ಚಿಕ್ಕತಾಯಮ್ಮ. “ಎರಡು ಮನೇನೂ.” ಎರಡು ಬೆಳೆ ಹೋದ ಕತೆಯನ್ನೂ ಹೇಳಿದಳು.

ಅರಸ ಅಂದ, “ಗೂಡು ಕೆಟ್ಟರೆ ರೇಷ್ಮೆಯಿಲ್ಲ. ರೇಷ್ಮೆಯಿಲ್ಲದ ಊರಿಗೆ ಯಾರು ಬರ್ತಾರೆ, ನಿನ್ನ ಮನೆ ಯಾರು ಹಿಡೀತಾರೆ? ಕೆಟ್ಟ ಎರಡು ಬೆಳೆ ತುಂಬಿಕೊಡು. ಇನ್ನು ಮೇಲೆ ಬಾಡಿಗೆಯವರು ಇರೋಷ್ಟು ದಿನ ಆ ಮನೆ ಜಗಲಿ ಮೇಲೆ ನೀನೂ ಇರು. ಅವರ ಸದ್ದೆಲ್ಲ ನಿಂದೇ ಸದ್ದು.”

ಮುಂದಿನ ಬೆಳೆಗೆ ಮುದ್ದಪ್ಪ ಜಗಲಿಯ ಮೇಲೆ ತುಟಿಗೆ ಬೆರಳಿಟ್ಟು ಕೂತ. ಬಂದವರು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋದರು. ಬಿಸಿಲು ಬೆಳ್ಳಗೆ, ಎಳೆ ಬೆಳ್ಳಗೆ, ಬೀದಿಗೆ ಬೀದಿಯೇ ಒಂದು ಗೂಡಿನೊಳಗೆ ಮಲಗಿದಂತಿತ್ತು. ಮುದ್ದಪ್ಪನಿಗೂ ಜೊಂಪು ಹತ್ತಿತು.

“ಅವ್ವಾ, ಅದೇನು ಸದ್ದು?” ಕೇಳಿತು ಹುಳು.

ಚಿಕ್ಕತಾಯಮ್ಮ ಮೆಲ್ಲಗೆ ಅವನ ಭುಜ ತಟ್ಟಿದಳು. “ಅಣ್ಣ, ಗೊರಕೆ.”

ಇದರ ನೀತಿ ಇಷ್ಟು, ಮಕ್ಕಳೇ: ಬಾಡಿಗೆ ತನಗೆ, ಗದ್ದಲ ನೆರೆಮನೆಗೆ ಎನ್ನುವ ವ್ಯಾಪಾರ ಹೆಚ್ಚು ದಿನ ನಡೆಯುವುದಿಲ್ಲ. ಮನೆ ಬಿಟ್ಟುಕೊಟ್ಟವನು ಅದರೊಳಗಿನ ಸದ್ದಿಗೂ ಒಡೆಯ.