ಚೂರಿನ ಗಂಟು

"ಬುದ್ಧಿ, ಕಣ್ಣಾರೆ ಕಂಡದ್ದನ್ನೂ ನಂಬಬಾರದ ಕಾಲ ಬಂತೆ?" ಎಂದು ಶಿಷ್ಯ ಮಠದ ಗುರುಗಳನ್ನು ಕೇಳಿದ.

ಅವನು ಮಠದ ಶಾಲೆಯಲ್ಲಿ ಮೇಷ್ಟ್ರು. ಮಕ್ಕಳು ಕಲಿತದ್ದನ್ನು ಬರೆದು ಒಪ್ಪಿಸುವ ಬದಲು ಫೋನಿನಲ್ಲಿ ವಿಡಿಯೊ ಮಾಡಿ ತೋರಿಸಬಹುದು ಎಂದು ಆ ವರ್ಷ ಶಾಲೆಯಲ್ಲಿ ಹೊಸದಾಗಿ ಗೊತ್ತುಮಾಡಿದ್ದರು. ಮಕ್ಕಳು ತಂದ ವಿಡಿಯೊಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅಷ್ಟು ಚೆನ್ನಾಗಿದ್ದುದರಿಂದಲೇ ಅವನಿಗೆ ಅನುಮಾನ.

"ಒಬ್ಬರೂ ತಡವರಿಸುವುದಿಲ್ಲ, ಒಬ್ಬರೂ ತಪ್ಪುವುದಿಲ್ಲ. ನಡುವೆ ಹಾಡು ಬೇರೆ. ಕಲಿತವರು ಯಾರು, ಕಲಿತಂತೆ ಕಾಣಿಸಿಕೊಂಡವರು ಯಾರು? ಎಲ್ಲವನ್ನೂ ತಳ್ಳಿಹಾಕಿಬಿಡಲೆ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳತೊಡಗಿದರು.

ಒಬ್ಬ ದರ್ಜಿ ಹೆಂಗಸಿದ್ದಳು. ಇವಳ ಕೈಯಲ್ಲಿ ಏನೂ ಆಗದು ಎಂದು ಮೊದಲು ಹೇಳಿದವನು ಅವಳ ಭಾವ. ಗಂಡ ತೀರಿಕೊಂಡ ಮೇಲೆ ಅವಳು ಯಾರ ಹತ್ತಿರವೂ ಕಲಿಯದೆ ಒಂದು ರವಿಕೆ ಹೊಲಿದಳು. ಭಾವ ಅದನ್ನು ಎತ್ತಿ ಹಿಡಿದು ನೋಡಿ ನಕ್ಕ. "ಇದು ನಿನ್ನ ಕೈಕೆಲಸವಲ್ಲ ಬಿಡು. ಯಾರೋ ಹೊಲಿದುಕೊಟ್ಟಿದ್ದಾರೆ." ಅವಳು ಸೆರಗಿನ ಗಂಟು ಬಿಚ್ಚಿ, ಕತ್ತರಿಸುವಾಗ ಬಿದ್ದ ಚೂರುಗಳನ್ನೆಲ್ಲ ಅವನ ಮುಂದೆ ಸುರಿದಳು. ಕೆಟ್ಟ ಕೊರಳು, ಗಿಡ್ಡವಾದ ತೋಳು, ಎರಡು ಸಲ ತಪ್ಪಿದ ಬೆನ್ನು, ಎಲ್ಲವೂ ಅದರಲ್ಲಿದ್ದವು. ಭಾವ ಎದ್ದು ಹೋದ.

ಅಳತೆಯ ಕಾಗದಕ್ಕೆಂದು ತಂದ ಹಳೆಯ ಪತ್ರಿಕೆಗಳಲ್ಲಿ ಅವಳು ಅಕ್ಷರ ಕಲಿತಳು. ಒಂದು ಮಿಷನ್ನಿನಿಂದ ಹಲವು ಮಿಷನ್ನುಗಳಾದವು. ಊರ ಹುಡುಗಿಯರಿಗೆ ಹೊಲಿಗೆ ಹೇಳಿಕೊಡತೊಡಗಿದಳು. ಅವಳದೊಂದು ಕ್ರಮವಿತ್ತು. ಯಾರೇ ಏನೇ ಹೊಲಿದು ತರಲಿ, ಮೊದಲು ಚೂರು ತೋರಿಸಬೇಕು. ಚೂರು ನೋಡಿದ ಮೇಲೆಯೇ ಬಟ್ಟೆ ನೋಡುವುದು.

ವಯಸ್ಸಾಯಿತು. ಕಣ್ಣು ಮಂಜಾಯಿತು. ಬಟ್ಟೆ ಕತ್ತರಿಸುವ ಮೇಜನ್ನು ಯಾರ ಕೈಗಾದರೂ ಒಪ್ಪಿಸಲೇಬೇಕಿತ್ತು. ಒಬ್ಬ ಹುಡುಗಿಯ ಮೇಲೆ ಅವಳಿಗೆ ಮನಸ್ಸಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ.

ತರಗತಿಗೆ ನೆರವು ಕೊಡುತ್ತಿದ್ದವರು ಒಂದು ಫೋನನ್ನೂ ಕೊಟ್ಟು, ಕಲಿತವರು ತಮ್ಮ ಕೆಲಸವನ್ನು ಅದರಲ್ಲಿ ವಿಡಿಯೊ ಮಾಡಿ ತೋರಿಸಲಿ ಎಂದರು. ಆ ಹುಡುಗಿ ಫೋನನ್ನು ಮನೆಗೆ ಒಯ್ದಳು. ವಿಡಿಯೊ ಮಾಡಿ, ಹೊಲಿದ ರವಿಕೆಯ ಜೊತೆ ತಂದಳು. ವಿಡಿಯೊದಲ್ಲಿ ಕಂಡದ್ದು ಕೈಗಳಷ್ಟೇ: ಬಟ್ಟೆ ಹರಡಿತು, ಕತ್ತರಿ ಆಡಿತು, ಮಿಷನ್ ಓಡಿತು, ರವಿಕೆ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿ ತಟ್ಟಲಿಲ್ಲ.

"ಚೂರು ಎಲ್ಲಿ?"

"ಒಲೆಗೆ ಹಾಕಿದೆ ಅಮ್ಮ."

"ಒಲೆಗೋ? ನನಗೇ ಟೋಪಿ ಹಾಕ್ತೀಯೇನೇ? ಇದು ನಿನ್ನ ಕೈಕೆಲಸವಲ್ಲ. ಯಾರೋ ಹೊಲಿದುಕೊಟ್ಟಿದ್ದಾರೆ."

ಹುಡುಗಿ ಫೋನನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ದರ್ಜಿ ರವಿಕೆಯನ್ನು ತಿರುವಿ ಒಳಮಗ್ಗಲನ್ನೂ ನೋಡದೆ ಪೆಟ್ಟಿಗೆಗೆ ಹಾಕಿದಳು.

ಕೆಲವು ದಿನ ಕಳೆದ ಮೇಲೆ ಇನ್ನೊಬ್ಬಳು ಫೋನು ಹಿಡಿದು ಬಂದಳು. "ಇದರಲ್ಲಿ ಜಾಗವೇ ಇಲ್ಲ ಅಮ್ಮ. ಅವಳು ವಿಡಿಯೊಗೆ ಸೇರಿಸದೆ ಬಿಟ್ಟ ತುಣುಕೆಲ್ಲ ಹಾಗೇ ಬಿದ್ದಿವೆ. ಅಳಿಸಲಾ?"

ದರ್ಜಿಯ ಕೈ ತಡೆಯಿತು. ಬಟ್ಟೆಗೆ ಚೂರಿದ್ದಂತೆ ವಿಡಿಯೊಗೂ ಚೂರಿರುತ್ತದೆ ಎಂದು ಅವಳು ಎಣಿಸಿಯೇ ಇರಲಿಲ್ಲ.

"ಮೊದಲು ತೋರಿಸು," ಎಂದಳು.

ಮೊದಲ ತುಣುಕಿನಲ್ಲಿ ಆ ಹೊರಟುಹೋದ ಹುಡುಗಿ ತನ್ನ ಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಎರಡು ತೋಳುಗಳನ್ನು ಜೋಡಿಸಿ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಎರಡೂ ಎಡಗೈಗೇ ಆಯ್ತಲ್ಲೇ!" ಬಟ್ಟೆಯ ಒಂದೇ ಮಗ್ಗಲಿಗೆ ಹೂವಿನ ಅಚ್ಚಿತ್ತು. ಒಂದನ್ನು ತಿರುವಿ ಬಲಗೈಗೆ ಹಾಕುವಂತಿರಲಿಲ್ಲ.

ಫೋನು ಹಿಡಿದಿದ್ದ ತಂಗಿ ನಕ್ಕಳು. "ಎರಡೂ ಎಡಗೈ ಇರೋಳನ್ನ ಹುಡುಕಿ ತೊಡಿಸು, ಅಕ್ಕ."

"ಸುಮ್ಮನಿರೇ. ಅಮ್ಮ ನೋಡಿದರೆ ನನ್ನನ್ನ ಮೇಜಿನ ಹತ್ತಿರಾನೂ ಬಿಟ್ಟುಕೊಳ್ಳಲ್ಲ. ಇದು ವಿಡಿಯೊದಲ್ಲಿ ಬರಬಾರದು. ಚೂರನ್ನೂ ಒಲೆಗೆ ಹಾಕ್ತೀನಿ."

ಮುಂದಿನ ತುಣುಕಿನಲ್ಲಿ ಅವಳು ಉಳಿದ ಬಟ್ಟೆಯನ್ನು ಅತ್ತಿತ್ತ ತಿರುಗಿಸುತ್ತ ಕೂತಿದ್ದಳು. ಇಡೀ ತೋಳಿಗೆ ಅದು ಸಾಲದು. ಕೊನೆಗೆ ಎರಡು ತುಂಡುಗಳನ್ನು ಹೂವಿಗೆ ಹೂವು ಕೂಡಿಸಿ, ಜೋಡಣೆ ಕಂಕುಳಿನ ಕೆಳಗೆ ಮರೆಯಾಗುವಂತೆ ಬಲತೋಳನ್ನು ಕತ್ತರಿಸಿದಳು. ಆ ಜೋಡಣೆಯನ್ನು ದರ್ಜಿ ತರಗತಿಯಲ್ಲಿ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ದರ್ಜಿ ಪೆಟ್ಟಿಗೆಯಿಂದ ಆ ರವಿಕೆ ತೆಗೆದು ಒಳಮಗ್ಗಲು ತಿರುವಿದಳು. ಜೋಡಣೆ ಅಲ್ಲೇ ಇತ್ತು. ಆಗಲೇ ಚಪ್ಪಲಿ ಮೆಟ್ಟಿ ಹುಡುಗಿಯ ಮನೆಗೆ ಹೋದಳು.

ಹುಡುಗಿ ಅಷ್ಟರಲ್ಲಿ ಗಾರ್ಮೆಂಟ್ಸಿಗೆ ಸೇರಿದ್ದಳು. ಅಲ್ಲಿ ದಿನವಿಡೀ ಅವಳಿಗೆ ಒಂದೇ ಕೆಲಸ, ಅಂಗಿಗೆ ಬಲತೋಳು ಕೂಡಿಸುವುದು.

"ಬಾ ಮಗಳೇ, ಮೇಜು ನಿನ್ನದು," ಎಂದಳು ದರ್ಜಿ.

ಹುಡುಗಿ ಕೂರಲು ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ ಹೇಳಿದಳು: "ಅಲ್ಲಿ ಚೂರು ಯಾರೂ ಕೇಳಲ್ಲ ಅಮ್ಮ. ನನಗೆ ಅದೇ ಹಾಯಾಗಿದೆ."

ಈಗ ಆ ದರ್ಜಿಗೆ ಪೇಟೆಯಲ್ಲಿ ಸ್ವಂತ ಅಂಗಡಿಯಿದೆ. ಬಾಗಿಲ ಮೇಲೆ ಅವಳೇ ಬರೆದ ಅಕ್ಷರಗಳ ಬೋರ್ಡಿದೆ. ಸಾಲು ಮಿಷನ್ನುಗಳಿವೆ, ತೇಗದ ಮೇಜಿದೆ. ಮೇಜಿನ ಮುಂದೆ ನಿಲ್ಲಲು ತಕ್ಕ ಕೈ ಇಲ್ಲ. ಮಂಜುಗಣ್ಣಿನಲ್ಲಿ ಈಗಲೂ ಅವಳೇ ಕತ್ತರಿಸುತ್ತಾಳೆ. ತೋಳುಗಳು ಆಗಾಗ ಎಡಗೈಗೇ ಆಗುತ್ತವೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ವಿಡಿಯೊ ನೋಡಿ ನಂಬಿಬಿಡುವುದೇ, ಬುದ್ಧಿ? ಅಥವಾ ಅವರು ತೆಗೆದುಹಾಕಿದ ತುಣುಕನ್ನೂ ಕೇಳುವುದೇ?"

"ಕೇಳು. ಕೇಳುವ ಮೊದಲು, ಅದನ್ನು ಅವರು ಯಾರ ಭಯಕ್ಕೆ ತೆಗೆದುಹಾಕಿದರು ಎಂದು ನಿನ್ನನ್ನೇ ಕೇಳಿಕೋ," ಎಂದರು ಗುರುಗಳು.