ಸನ್ಮಾನದ ಶಾಲು, ಸವೆದ ಚಪ್ಪಲಿ

ಊರೂರು ಕಾಲ್ನಡಿಗೆಯಲ್ಲೇ ಸುತ್ತಿ ಪುಸ್ತಕ ಬರೆಯುತ್ತಿದ್ದ ನೀಲಾಂಬಿಕೆಗೆ ಸಂಘವೊಂದು ಜರಿ ಅಂಚಿನ ಶಾಲು ಹೊದಿಸಿ ಸನ್ಮಾನ ಮಾಡಿತು. ಬಂದವರಿಗೆಲ್ಲ ಕಾಣಲೆಂದು ಮನೆಯವರು ಆ ಶಾಲನ್ನು ಜಗಲಿಯ ಗೂಟಕ್ಕೆ ತೂಗುಹಾಕಿದರು. ಕೆಳಗೆ ಬಿದ್ದಿದ್ದ ಸವೆದ ಚಪ್ಪಲಿಯನ್ನು ಕಂಡು ಶಾಲು ಮೂಗು ಮುರಿಯಿತು.

"ಸಭೆಯಲ್ಲಿ ನಾನು ಒಡತಿಯ ಹೆಗಲೇರಿದೆ. ನೀನು ಎಲ್ಲಿದ್ದೆ?"

"ಬಾಗಿಲ ಹೊರಗೆ," ಎಂದಿತು ಚಪ್ಪಲಿ. "ಆಕೆ ಬರೆದ ದಾರಿಯಲ್ಲಿ ನೀನು ಎಲ್ಲಿದ್ದೆ?"

"ದಾರಿ ಮುಗಿಯಿತು. ನಾನು ಹೆಗಲಿಗೆ ಬಂದ ಮೇಲೆ ಯಾರೂ ನಡೆಯುವುದಿಲ್ಲ, ಕೂರುತ್ತಾರೆ. ನಾಳೆ ನಿನ್ನನ್ನು ತಿಪ್ಪೆಗೆ ಎಸೆಯುತ್ತಾರೆ."

"ಎಸೆಯಲಿ. ತಿಪ್ಪೆಯಲ್ಲೂ ನನ್ನ ಮೂತಿ ದಾರಿಯ ಕಡೆಗೇ ಇರುತ್ತದೆ."

ಮಾರನೆಯ ಬೆಳಿಗ್ಗೆ ಸಂಘದವರು ಮತ್ತೆ ಬಂದರು. "ಅಮ್ಮಾ, ತಿರುಗಾಟ ಇನ್ನು ಸಾಕು. ನಮ್ಮ ಸಂಘದ ಅಧ್ಯಕ್ಷರಾಗಿ ಆರಾಮಾಗಿ ಕೂತುಬಿಡಿ," ಎಂದರು.

"ಕೂತವಳು ಏನು ಬರೆಯಲಿ? ಕುರ್ಚಿಯ ಕಥೆಯನ್ನೇ?" ಎನ್ನುತ್ತ ನೀಲಾಂಬಿಕೆ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದಳು. ಮೊದಲ ಹೆಜ್ಜೆಗೇ ಹೆಬ್ಬೆರಳು ತೂರಿಸುವ ಅದರ ಉಂಗುಷ್ಠ ಕಿತ್ತುಬಂತು. ಗೂಟದ ಮೇಲಿಂದ ಶಾಲು ಗಹಗಹಿಸಿ ನಕ್ಕಿತು.

ಆಕೆ ಅತ್ತಿತ್ತ ನೋಡಿದಳು. ಶಾಲನ್ನು ಕೆಳಗೆಳೆದು, ಅದರ ಜರಿ ಅಂಚನ್ನು ಪರ್ರನೆ ಹರಿದು, ಚಪ್ಪಲಿಗೆ ಬಿಗಿಯಾಗಿ ಕಟ್ಟಿದಳು.

"ಅಯ್ಯೋ, ಸನ್ಮಾನದ ಶಾಲು!" ಎಂದು ಸಂಘದವರು ಕೂಗಿಕೊಳ್ಳುವಷ್ಟರಲ್ಲಿ ಆಕೆ ಬೀದಿಯ ತಿರುವು ದಾಟಿದ್ದಳು.

ಧೂಳಿನಲ್ಲಿ ಬಿಕ್ಕುತ್ತಿದ್ದ ಜರಿ ಅಂಚಿಗೆ ಚಪ್ಪಲಿ ಹೇಳಿತು: "ಅಳಬೇಡ, ಗಟ್ಟಿಯಾಗಿ ಹಿಡಿದುಕೊ. ಮುಂದಿನ ಪುಸ್ತಕದಲ್ಲಿ ನೀನೂ ಇರುತ್ತೀಯ."